ಕೆಲಸಕ್ಕೆ ಬಾರದ ಮರ

ಅವಳಿಗೆ ಬೀದಿಯವರು ಇಟ್ಟ ಹೆಸರು ಗರಗಸ. ಹೆತ್ತವರು ಇಟ್ಟ ಹೆಸರು ಬೇರೆ ಇತ್ತು, ಅದನ್ನು ಕರೆಯುವವರು ಯಾರೂ ಉಳಿದಿರಲಿಲ್ಲ. ಮಾತಿಗೆ ನಿಂತಳೆಂದರೆ ಎದುರಿನವರನ್ನು ಎರಡು ಹೋಳು ಮಾಡದೆ ಬಿಡುವವಳಲ್ಲ ಎಂದು ಮೊದಲು ಯಾರೋ ಬೆನ್ನ ಹಿಂದೆ ಹಾಗೆ ಕರೆದರು, ಆಮೇಲೆ ಎದುರಿಗೇ ಕರೆದರು, ಕೊನೆಗೆ ಅವಳೇ ಫೋನೆತ್ತಿ "ಹೂಂ, ಗರಗಸ ಮಾತಾಡ್ತಿರೋದು" ಎನ್ನತೊಡಗಿದಳು. ಗಂಡ ಮರ ಕೊಯ್ಯುವ ಮಿಲ್ಲಿನಲ್ಲಿ ಹಿರಿಯ ಕೆಲಸಗಾರನಾಗಿದ್ದ. ಗಂಡ ಹೆಂಡತಿ ಇಬ್ಬರದೂ ಕೊಯ್ಯುವ ಕೆಲಸವೇ ಎಂದು ಬೀದಿ ನಗುತ್ತಿತ್ತು.

ಆ ನಗೆಯೆಲ್ಲ ಮಿಲ್ಲು ಇದ್ದಾಗಿನದು. ಈಗ ಮಿಲ್ಲಿನ ತಗಡಿನ ಬಾಗಿಲಿಗೆ ಬೀಗ ಬಿದ್ದಿದೆ. ಬೀಗ ಹಾಕಿಸಿದ್ದು ಬೀದಿಯ ತುದಿಯಲ್ಲಿ ಎದ್ದು ನಿಂತ, ಮರ ಸುಟ್ಟು ಕರೆಂಟು ಮಾಡುವ ಕಾರ್ಖಾನೆ. ಆ ಕಾರ್ಖಾನೆಯ ಅಂಗಳದಲ್ಲೇ ಗರಗಸಳಿಗೆ ಕೂಲಿ. ಹೊಟ್ಟೆಗೆ ಹೊಡೆದವನ ಮನೆಯಲ್ಲೇ ಊಟಕ್ಕೆ ಕೂತಂತಾಯಿತು, ಆದರೆ ಬೇರೆ ಎಲ್ಲಿ ಹೋಗುವುದು?

ಕಾರ್ಖಾನೆ ಬರುವ ಮೊದಲು ಶಾಲೆಯ ಮೈದಾನದಲ್ಲಿ ಸಭೆ ಸೇರಿಸಿದ್ದರು. ಕಾಡಿನಲ್ಲಿ ಕೊಳೆತು ಹೋಗುವ, ಗಾಳಿಗೆ ಮುರಿದ, ಪೊಟರೆ ಬಿದ್ದ, ಸೊಟ್ಟಗೆ ಬೆಳೆದ, ಒಟ್ಟಿನಲ್ಲಿ ಕೆಲಸಕ್ಕೆ ಬಾರದ ಮರವನ್ನಷ್ಟೇ ಸುಡುತ್ತೇವೆ ಎಂದಿದ್ದರು. ಮಿಲ್ಲಿನ ಹೊಟ್ಟು, ಅಂಚು, ತುಂಡು ಎಲ್ಲವನ್ನೂ ಕೊಳ್ಳುತ್ತೇವೆ, ಬೂದಿ ಬಿಟ್ಟು ಬೇರೇನೂ ದಂಡವಾಗದು ಎಂದಿದ್ದರು. ಕೆಲಸಕ್ಕೆ ಬಾರದ್ದು ಬೆಳಕಾಗುತ್ತದೆ ಎಂದರೆ ಬೇಡ ಅನ್ನುವವರು ಯಾರು? ಜನ ಚಪ್ಪಾಳೆ ತಟ್ಟಿದರು. ಗರಗಸಳೂ ತಟ್ಟಿದಳು.

ಮೊದಮೊದಲು ಹೇಳಿದಂತೆಯೇ ನಡೆಯಿತು. ಲಾರಿಗಳು ತಂದು ಸುರಿದ ಮರವನ್ನು ಆರಿಸಲು ಹೆಂಗಸರನ್ನು ಇಟ್ಟರು. ಕೈಯಲ್ಲಿ ಕಬ್ಬಿಣದ ಕೊಕ್ಕೆ, ಕಾಲಿಗೆ ದಪ್ಪ ಬೂಟು. ಸೊಟ್ಟ, ಟೊಳ್ಳು, ಹುಳ ತಿಂದದ್ದು ಬಲಗಡೆಗೆ. ಅದು ಓಡುವ ರಬ್ಬರ್ ಪಟ್ಟಿಯ ಮೇಲೆ ಏರಿ ಚೂರು ಮಾಡುವ ಯಂತ್ರದ ಬಾಯಿಗೆ ಹೋಗುತ್ತಿತ್ತು. ಆ ಯಂತ್ರವನ್ನು ಅಂಗಳದವರು ಹೊಟ್ಟೆಬಾಕ ಎಂದು ಕರೆಯುತ್ತಿದ್ದರು. ಹಲಗೆ, ತೊಲೆ, ಕಂಬ ಆಗಬಲ್ಲ ನೇರ ಮರ ಎಡಗಡೆಗೆ. ಅದನ್ನು ಸಂಜೆ ಮಿಲ್ಲಿನ ಟ್ರ್ಯಾಕ್ಟರು ಬಂದು ಒಯ್ಯುತ್ತಿತ್ತು. ಆರಿಸುವ ಹೆಂಗಸರ ಮುಂದಾಳು ಗರಗಸ. ಕೊಕ್ಕೆಯಿಂದ ಒಮ್ಮೆ ಕುಟ್ಟಿದರೆ ಸಾಕು, ಮರ ಯಾವ ಕಡೆಗೆ ಸೇರಿದ್ದು ಎಂದು ಕಡ್ಡಿ ಮುರಿದಂತೆ ಹೇಳಿಬಿಡುತ್ತಿದ್ದಳು.

ಆಮೇಲೆ ಲೆಕ್ಕ ತಿರುಗಿತು. ಮರ ಸುಟ್ಟು ಮಾಡಿದ ಕರೆಂಟು ಶುದ್ಧವಾದದ್ದು ಎಂದು ಸರ್ಕಾರ ಅದಕ್ಕೆ ಮೇಲಿಂದ ಮೇಲೆ ಪ್ರೋತ್ಸಾಹ ಧನ ಕೊಡುತ್ತಿತ್ತು. ಹಲಗೆಗೆ ಯಾರು ಕೊಡುತ್ತಾರೆ ಪ್ರೋತ್ಸಾಹ? ಮಿಲ್ಲು ಕೊಡುವ ಬೆಲೆಗಿಂತ ಬೆಂಕಿ ಕೊಡುವ ಬೆಲೆ ಹೆಚ್ಚಾಯಿತು. ಲಾರಿಯವರು ಮಿಲ್ಲಿನ ದಾರಿ ಮರೆತರು. ಮಿಲ್ಲು ಸೊರಗಿ ಸೊರಗಿ ಒಂದು ದಿನ ಕಣ್ಣು ಮುಚ್ಚಿತು. ಮಿಲ್ಲು ಮುಚ್ಚಿದ ಮೇಲೆ ಹೊಟ್ಟೂ ಇಲ್ಲ, ಅಂಚೂ ಇಲ್ಲ. ಹೊಟ್ಟೆಬಾಕನ ಹಸಿವು ಮಾತ್ರ ಹಾಗೇ ಇತ್ತು. ಕಾಡಿನ ಅಂಚು ಹಿಂದೆ ಸರಿಯುತ್ತಾ ಸರಿಯುತ್ತಾ, ಈಗ ಉಳಿದದ್ದು ಬೀದಿಯ ನೆತ್ತಿಯ ಮೇಲಿನ ಇಳಿಜಾರಿನ ಕಾಡೊಂದೇ. ಬೀದಿಯ ನಲ್ಲಿಗಳಿಗೆ ಬರುವ ನೀರು ಹುಟ್ಟುವುದು ಅಲ್ಲಿ. ಮಳೆಗಾಲದಲ್ಲಿ ಇಳಿಜಾರಿನ ಮಣ್ಣು ಮನೆಗಳ ಮೇಲೆ ಬೀಳದಂತೆ ಹಿಡಿದಿಟ್ಟಿರುವುದೂ ಆ ಬೇರುಗಳೇ.

ಟ್ರ್ಯಾಕ್ಟರು ಬರುವುದು ನಿಂತ ಮೇಲೂ ಗರಗಸ ಆರಿಸುವುದನ್ನು ನಿಲ್ಲಿಸಲಿಲ್ಲ. ಒಳ್ಳೆಯ ಮರ ಎಡಗಡೆಗೆ ಎಂದು ಹೇಳಿದ್ದರು, ಬೇಡ ಎಂದು ಯಾರೂ ಹೇಳಿರಲಿಲ್ಲ. ಎಡಗಡೆಯ ರಾಶಿ ಬೆಳೆದು ಕಾಂಪೌಂಡಿನ ಗೋಡೆಯ ಎತ್ತರ ದಾಟಿತು. ಅದನ್ನು ನೋಡಿದಾಗಲೆಲ್ಲ ಅವಳಿಗೆ ಒಂದು ಸಮಾಧಾನ. ಎಂದಾದರೂ ಯಾರಾದರೂ ದೊಡ್ಡವರು ಬಂದು ಕೇಳಿದರೆ ಬಾಯಿ ಬಿಡುವ ಕಷ್ಟವೂ ಇಲ್ಲ, ಬೆರಳು ತೋರಿಸಿದರೆ ಆಯಿತು: ನೋಡಿ, ಇದೆಲ್ಲ ಒಳ್ಳೆಯ ಮರ, ಇದನ್ನು ಸುಡಲು ತಂದಿದ್ದಾರೆ.

ಹಾಗಿರುವಾಗ ಒಂದು ಬೆಳಿಗ್ಗೆ ಲಾರಿಯಿಂದ ಇಳಿದ ದಿಮ್ಮಿಯೊಂದರ ತುದಿ ಸೀಳಿತ್ತು. ಪಕ್ಕದ್ದೂ ಸೀಳಿತ್ತು. ಅದರ ಪಕ್ಕದ್ದೂ. ಉಳಿದ ಮೈಯೆಲ್ಲ ನೇರ, ಗಟ್ಟಿ. ಅವಳು ಬಗ್ಗಿ ಸೀಳಿನೊಳಗೆ ಬೆರಳು ಹಾಕಿದಳು. ಒಳಗೆ ಇನ್ನೂ ಹಸಿಯಾಗಿತ್ತು, ಬೆಣೆ ಕೂತಿದ್ದ ಜಾಗ ಚೌಕಾಕಾರಕ್ಕೆ ಒತ್ತಿ ಹೋಗಿತ್ತು. ಯಾರೋ ಒಳ್ಳೆಯ ಮರಕ್ಕೆ ಬೆಣೆ ಹೊಡೆದು, ಸೀಳಿ, ಕೆಲಸಕ್ಕೆ ಬಾರದಂತೆ ಮಾಡಿ ಕಳಿಸಿದ್ದರು. ಮರ ಕಡಿಯುವುದನ್ನು ಅವಳು ಕಂಡವಳು, ಕದಿಯುವುದನ್ನೂ ಕಂಡವಳು. ಬೇಕೆಂದೇ ಕೆಡಿಸುವುದನ್ನು ಇದೇ ಮೊದಲು ಕಂಡಳು.

ಅಂಗಳದ ಮೇಸ್ತ್ರಿ ಅವಳ ಒಡಹುಟ್ಟಿದ ಅಣ್ಣ. ಕೂಲಿ ಕೊಡಿಸಿದವನೂ ಅವನೇ. ತಗಡಿನ ಶೆಡ್ಡಿನಲ್ಲಿ ಟೀ ಕುಡಿಯುತ್ತಿದ್ದವನ ಎದುರು ಹೋಗಿ ನಿಂತಳು.

"ಬೆಣೆ ಹೊಡೆಸಿದ್ದು ನೀನಾ?"

ಅಣ್ಣ ಲೋಟ ಕೆಳಗಿಟ್ಟ. ಸುಳ್ಳು ಹೇಳುವ ಗೋಜಿಗೆ ಹೋಗಲಿಲ್ಲ. ನೇರ ಮರವೆಲ್ಲ ಎಡಕ್ಕೆ ಎಳೆದು ಹಾಕುತ್ತಾ ಕೂತರೆ ಬಾಯ್ಲರಿಗೆ ಏನು ಹಾಕುವುದು, ನಿನ್ನ ಕೊಕ್ಕೆಯನ್ನಾ ಎಂದು ಕೇಳಿದ. ಮುಂದಿನ ವಾರ ತಪಾಸಣೆ ಅಧಿಕಾರಿ ಬರುತ್ತಾನೆ, ಇಲ್ಲಿ ಸುಡುತ್ತಿರುವುದು ಕೆಲಸಕ್ಕೆ ಬಾರದ ಮರವೇ ಎಂದು ಅವನು ಸಹಿ ಹಾಕಿದರೆ ಮಾತ್ರ ಪ್ರೋತ್ಸಾಹ ಧನ ಮುಂದುವರಿಯುತ್ತದೆ, ಮೇಲಿನ ಇಳಿಜಾರು ಕಡಿಯಲು ಪರವಾನಗಿಯೂ ಅದರ ಜೊತೆಗೇ ಬರುತ್ತದೆ, ಆ ಹಣ ಇಲ್ಲದೆ ಈ ಕಾರ್ಖಾನೆಗೆ ಲಾರಿಯ ಡೀಸೆಲ್ಲಿನ ಖರ್ಚೂ ಹುಟ್ಟುವುದಿಲ್ಲ ಎಂದ.

"ಮೇಲಿನ ಇಳಿಜಾರಾ? ನಮ್ಮ ತಲೆ ಮೇಲಿಂದಾ?"

"ಇನ್ನೆಲ್ಲಿಂದ ತರ್ಲಿ? ನೋಡು, ಬೀದಿಲಿ ಮನೆಗೊಬ್ಬರು ಇಲ್ಲೇ ದುಡೀತಿದಾರೆ. ಇದು ಮುಚ್ಚಿದ್ರೆ ನಿನ್ನ ಕಾಡನ್ನ ಬೇಯಿಸ್ಕೊಂಡು ತಿಂತೀಯಾ? ಅವನು ಕೇಳಿದಾಗ ಬಾಯಿಗೆ ಬೀಗ ಹಾಕ್ಕೊಂಡು ನಿಂತ್ಕೊ, ಸಾಕು."

ಅವಳು ಹೊರಟು ಬಂದು ಸೀಳಿದ ದಿಮ್ಮಿಯೊಂದನ್ನು ಎಡಗಡೆಯ ರಾಶಿಗೆ ಎಳೆದು ಹಾಕಿದಳು. ಗರಗಸ ಮಾತಾಡದೆ ಹೋದಳು ಎಂದು ಅಣ್ಣನಿಗೆ ಹೆದರಿಕೆಯಾಗಬೇಕಿತ್ತು. ಒಪ್ಪಿಕೊಂಡಳು ಎಂದುಕೊಂಡು ಅವನು ಟೀ ಮುಗಿಸಿದ.

ಮನೆಗೆ ಬಂದರೆ ಅಲ್ಲಿ ಗಂಡ. ಮಿಲ್ಲು ಮುಚ್ಚಿದ ದಿನದಿಂದ ಅವನು ಬಾಗಿಲ ಮೆಟ್ಟಿಲಿನ ಮೇಲೆ ಕೂತಿದ್ದ ಎಂದರೆ ತಪ್ಪಿಲ್ಲ. ಊಟಕ್ಕೆ ಏಳುತ್ತಿದ್ದ, ಮಲಗಲು ಏಳುತ್ತಿದ್ದ. ಆಗೀಗ ಮಂಚದ ಕೆಳಗಿನಿಂದ ಇಬ್ಬರು ಹಿಡಿದು ಎಳೆಯುವ ಉದ್ದ ಗರಗಸವನ್ನು ತೆಗೆದು, ಎಣ್ಣೆ ಸವರಿ, ಬಟ್ಟೆ ಸುತ್ತಿ ಮತ್ತೆ ಒಳಗಿಡುತ್ತಿದ್ದ. ಅಂದು ಒಲೆಗೆ ಹಾಕಲು ಒಂದು ಪುಳ್ಳೆಯೂ ಇರಲಿಲ್ಲ. ಕಾರ್ಖಾನೆ ಬಂದ ಮೇಲೆ ಕಾಡಿನ ನೆಲವನ್ನೂ ಗುಡಿಸಿ ಒಯ್ಯುತ್ತಿದ್ದರು. ಕರೆಂಟೂ ಇರಲಿಲ್ಲ, ಇಲ್ಲಿ ಹುಟ್ಟಿದ ಕರೆಂಟು ದಪ್ಪ ತಂತಿಯಲ್ಲಿ ಬೀದಿಯ ಮೇಲೇ ಹಾದು ಇನ್ನೆಲ್ಲಿಗೋ ಹೋಗುತ್ತಿತ್ತು. ಅಣ್ಣನ ಮೇಲಿನ ಸಿಟ್ಟನ್ನೆಲ್ಲ ಅವಳು ಮೆಟ್ಟಿಲಿನ ಮೇಲೆ ಸುರಿದಳು. ಆ ಎಣ್ಣೆ ಹಚ್ಚೋ ಕೈಲಿ ಎರಡು ಕಡ್ಡಿ ಆರಿಸಿಕೊಂಡು ಬರಬಾರದಾ ಎಂದಳು.

"ಕೆಲಸಕ್ಕೆ ಬಾರದವರನ್ನ ಕಟ್ಕೊಂಡು ನನ್ನ ಬಾಳೆಲ್ಲ ಹೀಗೇ ಆಯ್ತು."

ಇದು ಅವಳ ನಾಲಿಗೆಯ ತುದಿಯಲ್ಲೇ ಇರುತ್ತಿದ್ದ ಮಾತು, ಹೊಸದೇನಲ್ಲ. ಗಂಡ ಎಂದಿನಂತೆ ಕಿವಿಯ ಮೇಲೆ ಹಾಕಿಕೊಳ್ಳಲಿಲ್ಲ. ಎಣ್ಣೆಯ ಬಟ್ಟೆಯನ್ನು ಮಡಚಿ ಪಕ್ಕಕ್ಕಿಟ್ಟು, ಕಡ್ಡಿ ಆರಿಸಲು ಎದ್ದು ಹೋದ.

ತಪಾಸಣೆಯ ದಿನ ಅಂಗಳಕ್ಕೆ ನೀರು ಚಿಮುಕಿಸಿದರು, ಆರಿಸುವ ಹೆಂಗಸರಿಗೆ ಹೊಸ ಹಳದಿ ಅಂಗಿ ಕೊಟ್ಟರು. ಅಧಿಕಾರಿ ಬಿಳಿ ಕೂದಲಿನ, ಮೆತ್ತಗಿನ ದನಿಯ ಮನುಷ್ಯ. ಜೀಪಿನಿಂದ ಇಳಿದವನೇ ಬಾಗಿಲು ಕಾಯುವವನಿಗೂ ಕೈಮುಗಿದ. ಜೊತೆಗೆ ಕಾರ್ಖಾನೆಯ ಇಂಜಿನಿಯರು, ಹಿಂದೆ ಅಣ್ಣ. ಬಾಯ್ಲರು ನೋಡಿದರು, ಬೂದಿ ನೋಡಿದರು, ಹೊಟ್ಟೆಬಾಕನ ಹಲ್ಲು ನೋಡಿದರು. ನಡೆಯುತ್ತಾ ಬಂದು ಎಡಗಡೆಯ ರಾಶಿಯ ಎದುರು ನಿಂತರು. ಗರಗಸ ಕಾಯುತ್ತಿದ್ದದ್ದು ಇದಕ್ಕೇ.

ಇದೇನು ಎಂದು ಅಧಿಕಾರಿ ಕೇಳಿದ. ಇಂಜಿನಿಯರು ಬಾಯಿ ತೆರೆಯುವ ಮೊದಲೇ ಅವಳು ಮುಂದೆ ಬಂದಳು. ಅಣ್ಣ ಕಣ್ಣು ಬಿಟ್ಟು ಹೆದರಿಸಿದ. ಅವಳು ಅತ್ತ ನೋಡಲೂ ಇಲ್ಲ.

"ಸರ್, ಇದೆಲ್ಲ ಒಳ್ಳೆ ಮರ. ನಾವೇ ಆರಿಸಿ ಇಟ್ಟಿದ್ದು. ಇಲ್ಲಿಗೆ ಬರ್ತಿರೋದು ಕೆಲಸಕ್ಕೆ ಬಾರದ ಮರ ಅಲ್ಲ. ಇದನ್ನ ನೋಡಿ, ಇದಕ್ಕೆ ಬೆಣೆ ಹೊಡೆದು ಸೀಳಿದಾರೆ."

ಅಧಿಕಾರಿ ಬಗ್ಗಿ ನೋಡಿದ. ನಿಜವಾಗಿಯೂ ನೋಡಿದ, ನಾಟಕಕ್ಕಲ್ಲ. ದಿಮ್ಮಿಯ ಮೇಲೆ ಅಂಗೈ ಇಟ್ಟು, ಒಳ್ಳೆಯ ಮರವೇ ಹೌದು ಎಂದೂ ಹೇಳಿದ. ಅವಳ ಎದೆ ಹಗುರಾಯಿತು. ಆಮೇಲೆ ಅವನು ಎದ್ದು ಕೈ ಒರೆಸಿಕೊಳ್ಳುತ್ತಾ, ಇದು ಇಲ್ಲಿ ಎಷ್ಟು ಕಾಲದಿಂದ ಬಿದ್ದಿದೆ ಎಂದು ವಿಚಾರಿಸಿದ. ಮಿಲ್ಲು ಮುಚ್ಚಿದಾಗಿನಿಂದ ಎಂದಳು. ಯಾರಾದರೂ ಕೊಳ್ಳಲು ಬಂದರಾ ಎಂದ. ಮಿಲ್ಲೇ ಇಲ್ಲದ ಮೇಲೆ ಯಾರು ಬರುತ್ತಾರೆ ಎಂದಳು.

"ನೋಡಮ್ಮ, ನಿಮ್ಮ ಕಣ್ಣಿಗೆ ಇದು ಒಳ್ಳೆ ಮರ, ನನ್ನ ಕಣ್ಣಿಗೂ ಅಷ್ಟೇ. ಆದ್ರೆ ಕಾಯ್ದೆ ಮರ ನೋಡಲ್ಲ, ಮಾರುಕಟ್ಟೆ ನೋಡುತ್ತೆ. ಕೊಳ್ಳೋರು ಇಲ್ಲದ ಮರ ಕೆಲಸಕ್ಕೆ ಬಾರದ ಮರ. ಇದು ಇಲ್ಲೇ ಬಿದ್ದಿದೆ ಅನ್ನೋದೇ ಅದಕ್ಕೆ ಸಾಕ್ಷಿ."

ಬಿಸಿಲಿನಲ್ಲಿ, ಮಳೆಯಲ್ಲಿ, ಸೊಂಟ ಬೀಳುವ ಹಾಗೆ ಎಳೆದು ಎಳೆದು ಗರಗಸ ಕಟ್ಟಿದ ರಾಶಿ ಅವಳ ವಿರುದ್ಧವೇ ಸಾಕ್ಷಿ ಹೇಳುತ್ತಿತ್ತು. ಆರಿಸದೆ ಸುಮ್ಮನೆ ಬೆಂಕಿಗೆ ಬಿಟ್ಟಿದ್ದರೂ ಇಷ್ಟು ಕೆಡುಕಾಗುತ್ತಿರಲಿಲ್ಲ. ಇಂಜಿನಿಯರು ನಗಲಿಲ್ಲ, ಅದೊಂದು ಪುಣ್ಯ. ಅವನು ಆಯಾಸಗೊಂಡ ಮನುಷ್ಯನಂತೆ, ಹಲಗೆ ಮಾಡಿ ಮಾರಿದರೆ ಗಿಟ್ಟುವುದಿಲ್ಲ, ಸುಟ್ಟರೆ ಗಿಟ್ಟುತ್ತದೆ, ಈ ಲೆಕ್ಕ ನಾನು ಮಾಡಿದ್ದಲ್ಲ ಎಂದ. ಯಾರೂ ಮಾಡದ ಲೆಕ್ಕ! ಮಿಲ್ಲು ಯಾರೂ ಮುಚ್ಚಿದ್ದಲ್ಲ, ಮರ ಯಾರೂ ಕೆಡಿಸಿದ್ದಲ್ಲ, ನಾಳೆ ಇಳಿಜಾರಿನ ಮಣ್ಣು ಮನೆಗಳ ಮೇಲೆ ಬಿದ್ದರೆ ಅದೂ ಯಾರೂ ಬೀಳಿಸಿದ್ದಲ್ಲ. ಎಲ್ಲರ ಕೈಯೂ ತೊಳೆದಿಟ್ಟಷ್ಟು ಚೊಕ್ಕ.

ಊಟ ಮುಗಿಸಿಕೊಂಡು ಬಂದು ಸಹಿ ಹಾಕುವುದಾಗಿ ಅಧಿಕಾರಿ ಹೇಳಿದ. ಅತಿಥಿಗಳ ಕೋಣೆಯ ಕಡೆ ಎರಡು ಹೆಜ್ಜೆ ಇಟ್ಟವನನ್ನು ಅವಳು ತಡೆದಳು. ದನಿ ಅವಳದೇ, ಆದರೆ ಅಷ್ಟು ಸಣ್ಣ ದನಿಯಲ್ಲಿ ಅವಳು ಮಾತಾಡಿದ್ದನ್ನು ಅಂಗಳದವರು ಕೇಳಿರಲಿಲ್ಲ.

"ಕೊಳ್ಳೋರು ಇದ್ರೆ?"

"ಇದ್ರೆ ಅದು ಸರಕು ಆಗುತ್ತೆ. ಸರಕನ್ನ ಸುಡೋಕೆ ಪ್ರೋತ್ಸಾಹ ಧನ ಇಲ್ಲ."

"ಹಾಗಾದ್ರೆ ಇದು ನನಗೆ ಬೇಕು," ಎಂದು ಅವಳು ಬೆಣೆ ಹೊಡೆದ ದಿಮ್ಮಿಗೆ ಕೊಕ್ಕೆ ಊರಿದಳು. "ಇವರು ಕೊಂಡ ಬೆಲೆಗೇ ಕೊಡ್ಲಿ. ನನ್ನ ಕೂಲಿಲಿ ಮುರ್ಕೊಳ್ಲಿ."

ಅಣ್ಣ ತಲೆಯ ಮೇಲೆ ಕೈ ಹೊತ್ತ. ಇಂಜಿನಿಯರು, ಬೆಲೆಯೇನು, ಬಿಟ್ಟಿಯಾಗಿಯೇ ಒಯ್ಯಿ, ಒಂದು ದಿಮ್ಮಿ ತಾನೇ ಎಂದ. ಅಧಿಕಾರಿ ಬಿಟ್ಟಿ ಆಗದು, ಕೊಂಡದ್ದೇ ಆಗಬೇಕು ಎಂದು ತಿದ್ದಿ, ಒಂದು ದಿಮ್ಮಿಯನ್ನು ರಾಶಿಯಿಂದ ಕಳೆದು ಬರೆದುಕೊಂಡ. ಕಾಗದಕ್ಕೆ ನಿಯತ್ತಿನ ಮನುಷ್ಯ. ಒಂದು ಹೋದರೂ ಗುಡ್ಡದಷ್ಟು ಉಳಿದಿತ್ತು. ನಗುತ್ತಲೇ ಅವರು ಊಟಕ್ಕೆ ಹೋದರು.

ಹಳದಿ ಅಂಗಿಯ ಹೆಂಗಸರು ಬಂದು ಕೈಜೋಡಿಸಿದರು. ದಿಮ್ಮಿಯನ್ನು ಉರುಳಿಸುತ್ತಾ, ತಳ್ಳುತ್ತಾ, ಬೈಯುತ್ತಾ ಗೇಟಿನಿಂದ ಆಚೆ ತಂದರು. ಬೈದದ್ದು ಯಾರನ್ನು ಎಂದು ಕೇಳಬೇಡಿ, ಯಾರನ್ನೂ ಬಿಟ್ಟಿರಲಿಲ್ಲ. ಮನೆಯ ಎದುರು ದಿಮ್ಮಿ ಬಂದು ನಿಂತಾಗ ಗಂಡ ಮೆಟ್ಟಿಲಿನ ಮೇಲೆಯೇ ಇದ್ದ. ಅವನು ದಿಮ್ಮಿಯನ್ನು ನೋಡಿದ, ಸೀಳನ್ನು ನೋಡಿದ, ಆಮೇಲೆ ಅವಳನ್ನು ನೋಡಿದ.

ಇಷ್ಟು ದಿನ ಅವಳು ಅವನ ಮುಖದ ಮೇಲೆ ಎಸೆದ ಮಾತನ್ನೇ ಈಗಷ್ಟೇ ಒಬ್ಬ ಮೆತ್ತಗಿನ ಮನುಷ್ಯ ಅವಳ ಮುಖದ ಮೇಲೆ ಎಸೆದಿದ್ದ. ಕೊಳ್ಳುವವರಿಲ್ಲದ ಮರ, ಕೆಲಸಕ್ಕೆ ಕರೆಯುವವರಿಲ್ಲದ ಮನುಷ್ಯ. ತಾನೂ ಆ ಕಾಯ್ದೆಯನ್ನೇ ಮನೆಯೊಳಗೆ ನಡೆಸಿದ್ದೆ ಎಂದು ಹೊಳೆದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ತಪ್ಪಾಯಿತು ಎನ್ನುವ ಅಭ್ಯಾಸ ಅವಳಿಗಿರಲಿಲ್ಲ.

"ಕೆಲಸ ಬಂದಿದೆ," ಎಂದಳು. "ಏಳಿ."

ಅವನು ಎದ್ದ. ಮಂಚದ ಕೆಳಗಿನಿಂದ ಉದ್ದ ಗರಗಸ ಹೊರಬಂತು. ದಿಮ್ಮಿಯ ಅಡಿಗೆ ಕಲ್ಲು ಕೊಟ್ಟು, ಸೀಳಿದ ತುದಿಯನ್ನು ಮೊದಲು ಕತ್ತರಿಸಿ ಹಾಕೋಣ, ಉಳಿದದ್ದು ಚಿನ್ನದಂಥ ಮರ ಎಂದು ಹೇಳಿ, ಒಂದು ತುದಿಯಲ್ಲಿ ಅವನು ನಿಂತ. ಇನ್ನೊಂದು ತುದಿಯನ್ನು ಅವಳು ಹಿಡಿದಳು. ಮರ ಕೊಯ್ಯುವ ಸದ್ದು ಕೇಳದೆ ಎಷ್ಟೋ ಕಾಲವಾಗಿದ್ದ ಬೀದಿ ಬಾಗಿಲು ತೆರೆದು ಹೊರಗೆ ಬಂತು. ಚಪ್ಪಲಿ ಹೊಲಿಯುವವನು ಬಂದ, ಹೊಲಿಗೆ ಟೀಚರು ಬಂದಳು, ಪಕ್ಕದ ಮನೆಯ ಅಜ್ಜಿ ಕೋಲೂರಿಕೊಂಡು ಬಂದಳು. ಇದೇನು, ಎಲ್ಲಿಯದು ಎಂದು ಕೇಳಿದರು.

ಗರಗಸ ಎಳೆಯುತ್ತಲೇ ಹೇಳಿದಳು. ಸಭೆಯಲ್ಲಿ ಚಪ್ಪಾಳೆ ತಟ್ಟಿದ ಮಾತು ಈಗ ಏನಾಗಿದೆ ಎಂದು ಹೇಳಿದಳು, ಬೆಣೆಯ ವಿಷಯ ಹೇಳಿದಳು, ಅಧಿಕಾರಿ ಊಟ ಮುಗಿಸಿ ಸಹಿ ಹಾಕಿದರೆ ನೆತ್ತಿಯ ಮೇಲಿನ ಕಾಡೂ ಕೆಲಸಕ್ಕೆ ಬಾರದ್ದಾಗುತ್ತದೆ ಎಂದು ಹೇಳಿದಳು. ದನಿ ತನ್ನ ಎತ್ತರಕ್ಕೆ ಮರಳಿತ್ತು. ಬೀದಿಯ ಆ ತುದಿಗೂ ಕೇಳಿಸಿತು.

"ನನ್ನ ಮುಖ ನೋಡ್ತಾ ನಿಲ್ಲಬೇಡಿ. ಗೇಟಿಗೆ ಹೋಗಿ ನನಗೊಂದು ಬೇಕು ಅನ್ನಿ. ಬಿಟ್ಟಿ ಕೊಟ್ರೆ ತಗೋಬೇಡಿ."

ಕೆಲವರು ಸುಮ್ಮನೆ ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಅವರ ಮನೆಯವರು ಬಾಯ್ಲರಿನ ಕೆಲಸದಲ್ಲಿದ್ದರು, ಅವರನ್ನು ದೂರಿ ಫಲವಿಲ್ಲ. ಉಳಿದವರು ಇದ್ದಬದ್ದ ದುಡ್ಡು ಹಿಡಿದು ಹೋದರು. ಗರಗಸಳೂ ಗಂಡನೂ ಕೊಯ್ಯುವುದನ್ನು ಅರ್ಧಕ್ಕೆ ಬಿಟ್ಟು ಹಿಂದೆಯೇ ನಡೆದರು.

ಅಧಿಕಾರಿ ಬಾಯಿ ಒರೆಸಿಕೊಳ್ಳುತ್ತಾ ಹೊರಗೆ ಬಂದಾಗ ಎಡಗಡೆಯ ರಾಶಿಯ ಸುತ್ತ ಜನ. ಒಬ್ಬೊಬ್ಬರ ಕೈ ಒಂದೊಂದು ದಿಮ್ಮಿಯ ಮೇಲೆ. ಇಂಜಿನಿಯರನ ಮುಖ ಕಪ್ಪಿಟ್ಟಿತು. ಇದೆಲ್ಲ ಯಾರೋ ಹೇಳಿಕೊಟ್ಟು ಆಡಿಸುತ್ತಿರುವ ಆಟ, ಈ ಜನಕ್ಕೆ ಈ ಮರ ಯಾತಕ್ಕೆ ಎಂದ. ಅಧಿಕಾರಿ ಕೇಳಿಯೇ ನೋಡೋಣ ಎಂದು ಎದುರಿಗಿದ್ದವನಿಂದ ಶುರುಮಾಡಿದ. ಬಾಗಿಲಿಗೆ ಎಂದ ಚಪ್ಪಲಿ ಹೊಲಿಯುವವನು. ತರಗತಿಗೆ ಬೆಂಚು ಬೇಕು, ಮಕ್ಕಳು ನೆಲದ ಮೇಲೆ ಕೂರುತ್ತಾರೆ ಎಂದಳು ಟೀಚರು. ಅಜ್ಜಿಯನ್ನು ಕೇಳಿದಾಗ ಅವಳು ಕೋಲನ್ನು ನೆಲಕ್ಕೆ ಕುಟ್ಟಿದಳು.

"ನಿನಗ್ಯಾಕಪ್ಪ? ದುಡ್ಡು ಕೊಡ್ತೀನಲ್ವಾ?"

ಅಧಿಕಾರಿ ಪೆನ್ನಿನ ಮುಚ್ಚಳ ತೆಗೆದ. ಇಂಜಿನಿಯರನ ಕಡೆ ನೋಡಿದ, ಜನರ ಕಡೆ ನೋಡಿದ, ತಾನೇ ಹೇಳಿದ ಮಾತನ್ನು ನುಂಗಲಾರದೆ ಒದ್ದಾಡಿದ. ಕೊನೆಗೆ ಮುಚ್ಚಳ ಹಾಕಿ ಜೇಬಿಗಿಟ್ಟುಕೊಂಡ. ಇವತ್ತು ಸಹಿ ಇಲ್ಲ, ಮರಕ್ಕೆ ಇಲ್ಲಿ ಕೊಳ್ಳುವವರಿದ್ದಾರೆ ಎಂದು ಬರೆಯಬೇಕಾಗುತ್ತದೆ, ಇಳಿಜಾರಿನ ವಿಷಯ ಮತ್ತೆ ಮೊದಲಿನಿಂದ ನೋಡಬೇಕಾಗುತ್ತದೆ ಎಂದ. ಮತ್ತೆ ಬರುತ್ತೇನೆ ಎಂದೂ ಸೇರಿಸಿದ. ಅದು ಹೆದರಿಕೆಯೋ ಭರವಸೆಯೋ ತಿಳಿಯಲಿಲ್ಲ. ಜೀಪು ಹೋಯಿತು. ಹೋಗುವಾಗಲೂ ಬಾಗಿಲು ಕಾಯುವವನಿಗೆ ಕೈಮುಗಿದ.

ಗೆದ್ದೆವೆಂದು ಯಾರೂ ಕುಣಿಯಲಿಲ್ಲ. ಚಿಮಣಿ ಹೊಗೆ ಉಗುಳುತ್ತಲೇ ಇತ್ತು, ಬಲಗಡೆಯ ಪಟ್ಟಿ ಓಡುತ್ತಲೇ ಇತ್ತು. ಮತ್ತೆ ಬರುತ್ತಾನಲ್ಲ, ಬರಲಿ. ಆಗಲೂ ಇಲ್ಲಿ ನಿಲ್ಲಬೇಕು, ಆಗಲೂ ಕೊಳ್ಳಬೇಕು, ತಮ್ಮದೇ ನೆತ್ತಿಯ ಮೇಲಿನ ಕಾಡನ್ನು ಉಳಿಸಿಕೊಳ್ಳಲು ಕೂಲಿಯನ್ನು ಹೀಗೆ ಸುರಿಯಬೇಕು ಎಂದು ಅವಳು ಲೆಕ್ಕ ಹಾಕಿದಳು.

ಅಣ್ಣ ಹತ್ತಿರ ಬಂದ. ಎಷ್ಟು ಮನೆಯ ಅನ್ನಕ್ಕೆ ಮಣ್ಣು ಹಾಕಿದೆ, ಗೊತ್ತಾ ಎಂದು ಕೇಳಿದ. ಅವಳಿಗೆ ಗೊತ್ತಿತ್ತು. ಕೊಕ್ಕೆಯನ್ನೂ ಹಳದಿ ಅಂಗಿಯನ್ನೂ ಅವನ ಕೈಗೆ ಕೊಟ್ಟಳು.

"ನಾಳೆಯಿಂದ ಈ ಗೇಟಿನ ಒಳಗೆ ಕಾಲಿಡ್ಬೇಡ," ಎಂದ ಅಣ್ಣ.

ಹಿಂದೆ ಗಂಡ ಚಪ್ಪಲಿ ಹೊಲಿಯುವವನ ದಿಮ್ಮಿಯ ಮೇಲೆ ಬಗ್ಗಿ, ಬಾಗಿಲು ಎಷ್ಟು ಅಗಲ ಬೇಕು ಎಂದು ಗೇಣು ಹಾಕಿ ಅಳೆಯುತ್ತಿದ್ದ. ಅವನ ಹಿಂದೆ ಟೀಚರು, ಟೀಚರ ಹಿಂದೆ ಅಜ್ಜಿ ಸರದಿಯಲ್ಲಿ ನಿಂತಿದ್ದರು.

"ನಾಳೆ ನನಗೆಲ್ಲಿ ಪುರುಸೊತ್ತು?" ಎಂದಳು ಗರಗಸ. "ಕೆಲಸ ಇದೆ."